ಎರಡನೆಯ ಕ್ಯಾನು

ಅಡುಗೆಮನೆಯ ಮೇಜಿನಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ? ಈಜುಕೊಳದ ನೀರಿಗೆ ಹಾಕುವ ಔಷಧಿಯಿಂದ ಕಣ್ಣು ಉರಿಯುತ್ತದೆ ಎಂದಿದ್ದೆಯಲ್ಲ, ಈಗ ವಾಸಿಯೇ? ಒದ್ದೆ ತಲೆಯಲ್ಲಿ ಗಾಳಿಗೆ ನಿಲ್ಲಬೇಡ. ದಿನವಿಡೀ ಕೊಳದ ದಡದಲ್ಲಿ ನಿಂತು ಮಕ್ಕಳಿಗೆ ಕೂಗಿ ಕೂಗಿ ಹೇಳಿಕೊಡುವವಳು ನೀನು, ಗಂಟಲು ಜೋಪಾನ, ಬಿಸಿನೀರು ಕುಡಿ. ನಾನು ಚೆನ್ನಾಗಿದ್ದೇನೆ. ನಿನ್ನಪ್ಪನೂ ಚೆನ್ನಾಗಿದ್ದಾರೆ. ಅವರಿಗೇನಂತೆ, ಮಾಡಬಾರದ್ದನ್ನು ಮಾಡಿ ಒಳಗೆ ಹಾಯಾಗಿ ಗೊರಕೆ ಹೊಡೆಯುತ್ತಿದ್ದಾರೆ. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು. ಮುಂದೆ ಬರುವುದೆಲ್ಲ ಬೈಗುಳ, ಕುಳಿತುಕೊಂಡು ಓದು.

ಶುಕ್ರವಾರ ನಿನ್ನ ಪತ್ರ ಬಂತು. ಮೂರು ಪುಟ ಬರೆದಿದ್ದೀಯ. ನೀರಿಗಿಳಿಯಲು ಹೆದರಿ ನಿನ್ನ ಕಾಲು ತಬ್ಬಿಕೊಂಡ ಮಗುವಿನ ವಿಷಯ, ಬಾಡಿಗೆಮನೆಯ ನಲ್ಲಿ ಸೋರುವ ವಿಷಯ, ಹೊಸ ಚಪ್ಪಲಿ ಕಚ್ಚುವ ವಿಷಯ. ಕೊನೆಗೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಗೀಚಿದ್ದೀಯ. ಕೆಲಸ ಕಾಯಂ ಮಾಡುವ ಮೊದಲು ರಕ್ತಪರೀಕ್ಷೆ ಮಾಡಿಸಿದರು, ಕ್ಯಾಲ್ಸಿಯಂ ಸ್ವಲ್ಪ ಜಾಸ್ತಿ ಇದೆಯಂತೆ, ಕುತ್ತಿಗೆಯಲ್ಲಿ ಚಿಕ್ಕದೊಂದು ಆಪರೇಷನ್ ಮಾಡಿದರೆ ಸರಿಹೋಗುತ್ತದಂತೆ, ಚಿಂತೆ ಮಾಡಬೇಡ ಅಂತ. ಚಪ್ಪಲಿಗೆ ಅರ್ಧ ಪುಟ, ಕುತ್ತಿಗೆಗೆ ಒಂದು ಅಂಚು! ಓದಿದವಳೇ ಫೋನ್ ಮಾಡಿದೆ. 'ಮಕ್ಕಳು ನೀರಲ್ಲಿದ್ದಾರಮ್ಮಾ, ಆಮೇಲೆ ಮಾಡ್ತೀನಿ' ಎಂದು ಇಟ್ಟುಬಿಟ್ಟೆ. ಆಮೇಲೆ ಮಾಡಿದಾಗ ನಾನು ಬಾಯಿ ತೆರೆಯುವ ಮೊದಲೇ 'ಕೂಗಾಡಬೇಡಮ್ಮಾ, ನಂಗೆಲ್ಲಾ ಗೊತ್ತು' ಅಂದೆ. ನಾನು ಕೂಗಾಡಿದೆ, ನೀನೂ ಕೂಗಾಡಿದೆ, ಮಹಡಿ ಮನೆಯವರು ಕಿಟಕಿ ಮುಚ್ಚಿಕೊಂಡರು. ಫೋನಿನಲ್ಲಿ ನಾವಿಬ್ಬರೂ ಮಾತಾಡಲು ಆಗುವುದಿಲ್ಲ ಎಂದು ಪತ್ರ ಶುರು ಮಾಡಿದವಳು ನೀನೇ ಅಲ್ಲವೇ, ತಗೋ ಪತ್ರ.

ನಿನಗೆ ಏನೇನೂ ಗೊತ್ತಿಲ್ಲ. ಯಾಕೆಂದರೆ ನಾನು ಹೇಳಿರಲಿಲ್ಲ. ನನ್ನ ಕುತ್ತಿಗೆಗೂ ಕಳೆದ ತಿಂಗಳು ಆಪರೇಷನ್ ನಿಶ್ಚಯವಾಗಿತ್ತು. ಹಾಗಾದರೆ ನೀನೂ ಮುಚ್ಚಿಟ್ಟೆಯಲ್ಲ ಎಂದು ಈಗ ಅಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡಿರುತ್ತೀಯ. ನಾನು ಮುಚ್ಚಿಡಬಹುದು, ನಾನು ತಾಯಿ. ನೀನು ಮುಚ್ಚಿಡುವ ಹಾಗಿಲ್ಲ. ಮುಂದೆ ಓದು.

ಚಳಿಗಾಲದಲ್ಲಿ ಸುಸ್ತು, ಕೈಕಾಲು ನೋವು ಎಂದು ರಕ್ತ ಕೊಟ್ಟು ಬಂದೆ. ಕ್ಯಾಲ್ಸಿಯಂ ಜಾಸ್ತಿ ಎಂದು ಬಂತು. ಕುತ್ತಿಗೆಯೊಳಗೆ ಅಕ್ಕಿಕಾಳಿನಷ್ಟು ದಪ್ಪದ ನಾಲ್ಕು ಗ್ರಂಥಿಗಳಿವೆಯಂತೆ, ಅವುಗಳಲ್ಲಿ ಒಂದು ಕೆಟ್ಟು ಕುಣಿಯುತ್ತಿರಬಹುದು, ಅದನ್ನು ತೆಗೆಯಬೇಕಾಗಬಹುದು ಎಂದರು. ಅದಕ್ಕೆ ಮೊದಲು ಮೂತ್ರದಲ್ಲಿ ಎಷ್ಟು ಕ್ಯಾಲ್ಸಿಯಂ ಹೋಗುತ್ತದೆಂದು ಅಳೆಯಬೇಕು. ಒಂದು ಸಲದ್ದಲ್ಲ, ಇಡೀ ಒಂದು ದಿನದ್ದು. ಲ್ಯಾಬಿನ ನರ್ಸಮ್ಮ ಗೆರೆಗೆರೆ ಹಾಕಿದ ದೊಡ್ಡ ಕ್ಯಾನೊಂದನ್ನು ಕೈಗಿಟ್ಟು, 'ಬೆಳಗ್ಗೆ ಎದ್ದ ತಕ್ಷಣದ್ದು ಚೆಲ್ಲಿಬಿಡಿ. ಆಮೇಲಿಂದ ಒಂದು ಹನಿನೂ ಬಿಡದೆ ಇದಕ್ಕೇ ಹಾಕಿ. ಮಾರನೇ ದಿನ ಎದ್ದ ತಕ್ಷಣದ್ದು ಹಾಕಿದ್ರೆ ಮುಗೀತು. ಒಳಗೆ ಆಸಿಡ್ ಇದೆ, ಜಗ್ಗಲ್ಲಿ ಹಿಡಿದು ಸುರೀರಿ. ಫ್ರಿಜ್ಜಲ್ಲಿಡಿ. ಕಮ್ಮಿ ಬಂದ್ರೆ ಮತ್ತೆ ಮಾಡ್ಬೇಕಾಗತ್ತೆ' ಎಂದಳು. ನಡುವೆ ಯಾವುದನ್ನಾದರೂ ಮರೆತು ಚೆಲ್ಲಿದರೆ ಎನ್ನುವುದು ಅವಳ ಅರ್ಥ. ನಿನ್ನಪ್ಪ ಪಕ್ಕದಲ್ಲಿ ನಿಂತು ದೊಡ್ಡ ಮನುಷ್ಯರ ಹಾಗೆ ತಲೆಯಾಡಿಸಿದರು. ಅವರ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

ನನಗೆ ರಜೆ ಸಿಗಲಿಲ್ಲ. ಕ್ಯಾನನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಕಾರ್ಖಾನೆಗೇ ಹೋದೆ. ನಮ್ಮ ಕಾಲರ್ ವಿಭಾಗದ ವಿಷಯ ನಿನಗೆ ಗೊತ್ತೇ ಇದೆ. ಸಾಲಿಗೊಂದು ಮರದ ಬಿಲ್ಲೆ. ಅದು ಮೇಲ್ವಿಚಾರಕನ ಮೇಜಿನ ಮೇಲಿದ್ದರೆ ಮಾತ್ರ ಎದ್ದು ಒಂದಕ್ಕೆ ಹೋಗಬಹುದು, ಯಾರಾದರೂ ತೆಗೆದುಕೊಂಡು ಹೋಗಿದ್ದರೆ ಅವರು ಬರುವ ತನಕ ಹಲ್ಲು ಕಚ್ಚಿ ಕೂರಬೇಕು. ಅದಕ್ಕೇ ನಾವ್ಯಾರೂ ನೀರು ಕುಡಿಯುವುದಿಲ್ಲ. ಆ ಮೇಲ್ವಿಚಾರಕ, ಮೀಸೆ ಸರಿಯಾಗಿ ಮೂಡದ ಮಹಾರಾಯ, 'ಚೀಲ ಹಿಡ್ಕೊಂಡು ಎಲ್ಲಿಗೆ?' ಎಂದು ಎಲ್ಲರೆದುರು ಕೇಳಿದ. ಮೈಯೆಲ್ಲ ಉರಿದುಹೋಯಿತು. ಅಂಗಿಗಳ ಕುತ್ತಿಗೆಪಟ್ಟಿ ಹೊಲಿದು ಹೊಲಿದು ಬೆನ್ನು ಬಾಗಿದ ಹೆಂಗಸು, ಅವನ ತಾಯಿಯ ವಯಸ್ಸಿನವಳು, ಉಚ್ಚೆಯ ಲೆಕ್ಕ ಅವನಿಗೊಪ್ಪಿಸಬೇಕೇ? ಹಾಗೇ ತಿರುಗಿ ಬಂದು ಕೂತೆ, ಮತ್ತೆ ಏಳಲಿಲ್ಲ. ಹಾಗಾಗಿ ಸಂಜೆ ಮನೆಗೆ ಬಂದಾಗ ಕ್ಯಾನಿನ ತಳದಲ್ಲಿ ಒಂದಿಷ್ಟೇ ಇತ್ತು. ಫ್ರಿಜ್ಜಿನ ಕೆಳಗಿನ ಅರೆಯಿಂದ ಹಾಲು, ತರಕಾರಿ ಎಲ್ಲ ತೆಗೆದು ಅದನ್ನಿಟ್ಟು, ಸೋಪು ತರಲು ಅಂಗಡಿಗೆ ಹೋದೆ.

ಇಲ್ಲಿ ನಿನ್ನಪ್ಪ ಪ್ರವೇಶಿಸುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಆಯುಷ್ಯ ಕಳೆದು ನಿವೃತ್ತರಾದ ಆ ಮನುಷ್ಯ ಅರ್ಧ ತುಂಬಿದ ಯಾವುದನ್ನೂ ಕಣ್ಣಿಂದ ನೋಡಲಾರರು. ನೀನು ಚಿಕ್ಕವಳಿದ್ದಾಗ ನಿನ್ನ ನೀರಿನ ಬಾಟಲಿಯನ್ನು ಮುಚ್ಚಳದ ತನಕ ತುಂಬಿಸಿ ಪುಸ್ತಕಗಳೆಲ್ಲ ಒದ್ದೆ ಮಾಡಿಸುತ್ತಿದ್ದರಲ್ಲ. ಈಗಲೂ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಬಕೆಟ್ಟು, ಎಲ್ಲವೂ ಬಾಯಿ ಮಟ್ಟ ಇರಬೇಕು. ಹಾಲು ತೆಗೆಯಲು ಫ್ರಿಜ್ಜಿನ ಬಾಗಿಲು ತೆರೆದಿದ್ದಾರೆ. ಹೆಂಡತಿಯ ಕ್ಯಾನಿನಲ್ಲಿ ತಳದಷ್ಟೇ ಇದೆ. ಕಮ್ಮಿ ಬಂದರೆ ಪಾಪ ಇನ್ನೊಂದು ದಿನ ಚೀಲ ಹೊರಬೇಕಲ್ಲ ಎಂದು ಕರುಳು ಚುರುಕ್ ಎಂದಿದೆ. ಆಮೇಲೆ ಏನು ಮಾಡಿದರೆಂದು ಬಾಯಿಬಿಟ್ಟು ಬರೆಯಲು ನನಗೆ ಅಸಹ್ಯ. ಸಂಜೆ ಒಂದು ಸಲ, ಮಾರನೆಯ ದಿನ ನಾನು ಸ್ನಾನಕ್ಕೆ ಹೋದಾಗ ಇನ್ನೊಂದು ಸಲ. ನಾನು ಬಂದು ನೋಡಿದರೆ ಕ್ಯಾನು ತುಂಬಿಕೊಂಡಿದೆ. ನನ್ನದೇ ಇರಬೇಕು, ಆಸಿಡ್ ಇದೆಯಲ್ಲ, ಉಬ್ಬಿರಬಹುದು ಎಂದುಕೊಂಡೆ. ನಗಬೇಡ. ನೀನೇನು ದೊಡ್ಡ ವಿಜ್ಞಾನಿಯೇ?

ಈಗ ಕೇಳು. ನಿನ್ನಪ್ಪನಿಗೆ ಮೂತ್ರದಲ್ಲಿ ಕಲ್ಲಾಗಿ ನೆಲದ ಮೇಲೆ ಹೊರಳಾಡಿದ್ದು ನಿನಗೆ ನೆನಪಿರಬೇಕು, ನಿನ್ನ ಹತ್ತನೆಯ ತರಗತಿಯ ಪರೀಕ್ಷೆಯ ವಾರ. ಅವರ ಮೂತ್ರದಲ್ಲಿ ಕ್ಯಾಲ್ಸಿಯಂ ಯಾವಾಗಲೂ ಜಾಸ್ತಿಯೇ. ಆ ಸಂಪತ್ತನ್ನೆಲ್ಲ ನನ್ನ ಕ್ಯಾನಿಗೆ ಧಾರೆಯೆರೆದಿದ್ದಾರೆ. ವರದಿಯಲ್ಲಿ ಕ್ಯಾಲ್ಸಿಯಂ ದಂಡಿಯಾಗಿ ಬಂತು. ದೊಡ್ಡ ಸರ್ಜನ್ನು ಕಾಗದದ ಮೇಲೆ ಕಣ್ಣು ಹಾಯಿಸಿ, 'ರಕ್ತದಲ್ಲೂ ಜಾಸ್ತಿ, ಯೂರಿನ್ನಲ್ಲೂ ಜಾಸ್ತಿ, ತೆಗೆದುಬಿಡೋಣ' ಎಂದು ತಾರೀಕು ಕೊಟ್ಟರು. ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ನಾನು ಒಂದು ಅಂಗಿಯ ಕತ್ತು ಕತ್ತರಿಸಬೇಕಾದರೂ ಬಟ್ಟೆಯನ್ನು ಎರಡು ಸಲ ತಿರುಗಿಸಿ ನೋಡುತ್ತೇನೆ, ಬಟ್ಟೆ ಹಾಳಾದರೆ ಬೇರೆ ಬಟ್ಟೆ ಸಿಗುತ್ತದೆ. ಇವರು ಅದೇ ಕಾಗದದ ಕೆಳಗಿನ ಸಾಲು ಓದಿದ್ದರೆ ಸಾಕಿತ್ತು.

ಕೆಳಗಿನ ಸಾಲನ್ನು ಓದಿದವರು ಆಪರೇಷನ್ನಿಗೆ ಮೊದಲು ತೋರಿಸಿ ಬನ್ನಿ ಎಂದು ಆಸ್ಪತ್ರೆಯವರು ಯಾರ ಹತ್ತಿರ ಕಳಿಸಿದರೋ ಆ ಹಾರ್ಮೋನಿನ ಡಾಕ್ಟರಮ್ಮ. ಮೂಗಿನ ತುದಿಗೆ ಕನ್ನಡಕ, ಮೇಜಿನ ಮೇಲೆ ಆರಿದ ಕಾಫಿ. ವರದಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ವರದಿ. 'ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ಇದು ನಿಮ್ಮೊಬ್ಬರದೇನಾ?' ಎಂದರು. ನನಗೆ ತಲೆಗೇರಿತು. ಮತ್ತೆ ಯಾರದ್ದು, ಬೀದಿಯವರದ್ದೇ ಎಂದು ಕೇಳಿಯೇಬಿಟ್ಟೆ. ಅವರು ಸಮಾಧಾನವಾಗಿ ಹೇಳಿದರು. ಮಾಂಸಖಂಡದಿಂದ ಬಂದು ಮೂತ್ರದಲ್ಲಿ ಹೊರಗೆ ಹೋಗುವ ಕ್ರಿಯಾಟಿನಿನ್ ಎಂಬ ಕಸವೊಂದಿದೆಯಂತೆ. ಅದು ಒಬ್ಬೊಬ್ಬರ ಮೈಕಟ್ಟಿಗೆ ತಕ್ಕಂತೆ ದಿನಕ್ಕೆ ಹೆಚ್ಚುಕಡಿಮೆ ಒಂದೇ ಅಳತೆ. ನನ್ನ ವರದಿಯಲ್ಲಿರುವುದು ನನ್ನಂಥ ನರಪೇತಲ ಹೆಂಗಸಿನದ್ದಲ್ಲ, ಜಟ್ಟಿಯದ್ದು, ಇಲ್ಲವೇ ಇಬ್ಬರದ್ದು. ಆಗ ನಾನು ಪಕ್ಕಕ್ಕೆ ತಿರುಗಿದೆ. ನಿನ್ನಪ್ಪ ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರವನ್ನು ಅಷ್ಟು ಶ್ರದ್ಧೆಯಿಂದ ನೋಡುತ್ತಿದ್ದರು, ಮದುವೆಯಲ್ಲಿ ನನ್ನನ್ನೂ ಹಾಗೆ ನೋಡಿರಲಿಲ್ಲ. ಕಿವಿ ಎರಡೂ ಕೆಂಪಗೆ. 'ತಳದಲ್ಲೇ ನಿಂತಿತ್ತು ಡಾಕ್ಟ್ರೇ, ನೋಡೋಕಾಗ್ಲಿಲ್ಲ, ಸ್ವಲ್ಪ ನಾನೂ ಸೇರಿಸಿದೆ' ಎಂದರು. ಸ್ವಲ್ಪ ಎಂದರೆ ಎಷ್ಟು ಎಂದು ಡಾಕ್ಟರಮ್ಮ ಕೇಳಿದರೆ, 'ಗೆರೆ ತನಕ' ಅಂತೆ!

ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿ ಕೆಮ್ಮಿದ ಹಾಗೆ ಮಾಡಿದರು. ಭುಜ ಕುಲುಕುತ್ತಿತ್ತು. ನನಗೆ ನಗು ಬರಲಿಲ್ಲ ಪುಟ್ಟಿ. ನನ್ನ ಕುತ್ತಿಗೆ ಕೊಯ್ಯಲು ತಾರೀಕಾಗಿತ್ತು ಕಣೇ. ಮನೆಗೆ ಬರುವಾಗ ಬಸ್ಸಿನಲ್ಲಿ ನಿನ್ನಪ್ಪ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು, ಕೂರಲಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. ಎಲ್ಲ ಅಂದಾದ ಮೇಲೆ ಆ ಮನುಷ್ಯ, 'ನೀನು ಫೇಲಾಗಬಾರದು ಅಂತ ಮಾಡಿದೆ ಕಣೇ' ಎಂದರು. ಪ್ರೀತಿಯಿಂದ ಮಾಡಿದ್ದು, ಅದೇ ನನಗೆ ಇನ್ನೂ ಸಿಟ್ಟು. ಬೇಕೆಂದೇ ಮಾಡಿದ್ದರೆ ಒಂದು ವಾರ ಮಾತು ಬಿಟ್ಟು ಲೆಕ್ಕ ತೀರಿಸಬಹುದಿತ್ತು. ಪ್ರೀತಿಯಿಂದ ಮಾಡಿದವರನ್ನು ಏನು ಮಾಡುವುದು ಹೇಳು?

ಎರಡನೆಯ ಕ್ಯಾನನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ನಿನ್ನ ಹಳೆಯ ಸೈಕಲ್ಲಿನ ಸರಪಳಿ ಬೀಗವನ್ನು ಫ್ರಿಜ್ಜಿಗೆ ಸುತ್ತಿ, ಕೀಲಿಯನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡೆ. ನಿನ್ನಪ್ಪ ಹಾಲಿಲ್ಲದ ಕಾಫಿ ಕುಡಿದು ತೆಪ್ಪಗೆ ಕೂತರು. ಕಾರ್ಖಾನೆಗೆ ಹೋದವಳೇ ಮೊದಲ ಕೆಲಸವೆಂದು ಮೇಜಿನಿಂದ ಮರದ ಬಿಲ್ಲೆ ಎತ್ತಿ ಮಡಿಲಲ್ಲಿಟ್ಟುಕೊಂಡೆ. ಮೇಲ್ವಿಚಾರಕ ಓಡಿ ಬಂದ. ಚೀಲದಿಂದ ಕ್ಯಾನು ತೆಗೆದು ಅವನ ಮೇಜಿನ ಮೇಲೆ, ಅವನ ಊಟದ ಡಬ್ಬಿಯ ಪಕ್ಕದಲ್ಲಿ ಇಟ್ಟು, ಬೇಕಾದರೆ ನೀನೇ ಅಳೆದು ಕೊಡಪ್ಪ ಎಂದೆ. ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ನಿಂತವು. ಅವನು ಡಬ್ಬಿ ಎತ್ತಿಕೊಂಡು ಹೋದವನು ಸಂಜೆಯ ತನಕ ನಮ್ಮ ಸಾಲಿನ ಕಡೆ ಸುಳಿಯಲಿಲ್ಲ. ಅವತ್ತು ನಮ್ಮ ಸಾಲಿನ ಹೆಂಗಸರೆಲ್ಲ ಹೊಟ್ಟೆ ತುಂಬ ನೀರು ಕುಡಿದರು. ಬಿಲ್ಲೆ ಇನ್ನೂ ನನ್ನ ಚೀಲದಲ್ಲೇ ಇದೆ, ಯಾರೂ ಕೇಳಿಲ್ಲ.

ಫಲಿತಾಂಶ ಗುರುವಾರ ಬಂತು. ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಆದರೆ ಮೂತ್ರದಲ್ಲಿ ಎಳ್ಳಷ್ಟು. ಕುತ್ತಿಗೆಯ ಗ್ರಂಥಿ ಕೆಟ್ಟವರಲ್ಲಿ ಸಾಮಾನ್ಯವಾಗಿ ಮೂತ್ರದಲ್ಲೂ ಹೆಚ್ಚು ಹೋಗುತ್ತದಂತೆ. ನನ್ನದು ಹಾಗಲ್ಲ. ನನ್ನ ಮೂತ್ರಪಿಂಡಗಳೇ ಕ್ಯಾಲ್ಸಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. 'ಇದು ಕಾಯಿಲೆ ಅಲ್ಲಮ್ಮಾ, ಹುಟ್ಟಿನಿಂದ ಬಂದ ಮೈಗುಣ. ಹೀಗೇ ನೂರು ವರ್ಷ ಇರಬಹುದು. ಚಾಕು ಬೇಕಿಲ್ಲ, ಚಾಕು ಹಾಕಿದ್ರೂ ಇದು ಹೋಗಲ್ಲ' ಎಂದರು ಡಾಕ್ಟರಮ್ಮ. ಸುಸ್ತಿಗೆ ಕಾರಣ ಬೇರೆ, ರಕ್ತ ಕಮ್ಮಿ, ಮಾತ್ರೆ ಕೊಟ್ಟಿದ್ದಾರೆ, ನುಂಗುತ್ತಿದ್ದೇನೆ. ಆಪರೇಷನ್ ರದ್ದು. ಎದ್ದು ಹೊರಡಬೇಕು, ಅಷ್ಟರಲ್ಲಿ ಇನ್ನೊಂದು ಮಾತು ಕೇಳಿದರು. 'ನಿಮ್ಮ ತಾಯಿ ಕಡೆ, ತಂದೆ ಕಡೆ, ಯಾರಿಗಾದರೂ ಕುತ್ತಿಗೆ ಆಪರೇಷನ್ ಆಗಿತ್ತಾ?'

ನಾನು ಎದ್ದವಳು ಮತ್ತೆ ಕೂತೆ.

ನಿನ್ನ ಅಜ್ಜಿ ಯಾಕೆ ಯಾವಾಗಲೂ ಪಿಸುಗುಟ್ಟುತ್ತಾಳೆ ಎಂದು ನೀನು ಕೇಳುತ್ತಿದ್ದೆ. ಅಜ್ಜಿ ನನಗೊಬ್ಬಳಿಗೇ ಗುಟ್ಟು ಹೇಳುತ್ತಾಳೆ ಎಂದು ಜಂಭ ಬೇರೆ ಪಡುತ್ತಿದ್ದೆ. ಅವಳಿಗೆ ಬೇರೆ ಧ್ವನಿ ಇರಲಿಲ್ಲ ಪುಟ್ಟಿ. ನನ್ನ ಬಾಲ್ಯದಲ್ಲಿ ಇತ್ತು. ಕೊನೆಯ ಮನೆಯ ಹಿತ್ತಿಲಿನಲ್ಲಿ ಆಡುತ್ತಿದ್ದ ನನ್ನನ್ನು ನಮ್ಮ ಮನೆಯ ಬಾಗಿಲಲ್ಲಿ ನಿಂತೇ ಕರೆಯುತ್ತಿದ್ದಳು, ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಆಮೇಲೆ ಇದೇ ಕ್ಯಾಲ್ಸಿಯಂ. ಕುತ್ತಿಗೆ ಕೊಯ್ದರು, ರಕ್ತದ ಅಳತೆ ಇಳಿಯಲಿಲ್ಲ. ಎಲ್ಲೋ ಒಂದು ಗ್ರಂಥಿ ಉಳಿದಿದೆ ಎಂದು ಮತ್ತೆ ಅದೇ ಜಾಗದಲ್ಲಿ ಕೊಯ್ದರು, ಧ್ವನಿಯ ನರಕ್ಕೆ ಪೆಟ್ಟಾಯಿತು. ಆಗಲೂ ಅಳತೆ ಇಳಿಯಲಿಲ್ಲ. ಆಗ ಅವರಿಗೆ ಹೊಳೆದದ್ದೇನು ಗೊತ್ತೇ? ಈಕೆ ಕದ್ದು ಕ್ಯಾಲ್ಸಿಯಂ ಮಾತ್ರೆ ತಿನ್ನುತ್ತಾಳೆ ಎಂದು. ಡಾಕ್ಟರು ಹಾಗೆಂದದ್ದೇ ತಡ, ನನ್ನ ಅಪ್ಪ ನಂಬಿಬಿಟ್ಟರು. ಅವಳ ದಿಂಬಿನ ಚೀಲ ಕೊಡವಿದರು, ಪೆಟ್ಟಿಗೆಯ ಬಟ್ಟೆಗಳನ್ನು ಒಂದೊಂದಾಗಿ ನೆಲಕ್ಕೆ ಹಾಕಿ ಹುಡುಕಿದರು. ಅವಳು ಗೋಡೆಗೊರಗಿ ನಿಂತು ಬಾಯಿ ಬಾಯಿ ಬಿಡುತ್ತಿದ್ದಳು, ಇಲ್ಲ ಎನ್ನುತ್ತಿದ್ದಳು, ಯಾರಿಗೂ ಕೇಳಿಸುತ್ತಿರಲಿಲ್ಲ. ನಾನು ಹೊಲಿಗೆ ಕಲಿತ ಮೇಲೆ ಹಾಕಿದ ಮೊದಲ ಕಾಲರು ಅವಳ ಮೇಲಂಗಿಯದ್ದು, ಎತ್ತರದ್ದು, ಗಾಯದ ಕಲೆ ಮುಚ್ಚಲು. ಸಾಯುವ ತನಕ ಅಂಥದ್ದೇ ಹಾಕಿಕೊಂಡಳು, ಸೆಕೆಯಲ್ಲೂ.

ಇದನ್ನೆಲ್ಲ ಹೇಳಿದೆ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ಈಗ ಖಚಿತವಾಗಿ ಹೇಳೋಕಾಗಲ್ಲ. ಆದರೆ ಅವರಿಗೂ ಇದೇ ಇದ್ದಿರಬೇಕು' ಎಂದರು. ಆಗ ಈ ಮೂತ್ರಪರೀಕ್ಷೆ ಇರಲಿಲ್ಲವೇ ಎಂದು ಕೇಳಿದೆ. ಇತ್ತಂತೆ. ಮಾಡಿಸಬೇಕೆಂದು ಯಾರಿಗೂ ತೋಚಿರಲಿಕ್ಕಿಲ್ಲವಂತೆ. ತೋಚಲಿಲ್ಲ! ಒಂದು ಕ್ಯಾನು, ಒಂದು ಜಗ್ಗು, ಒಂದು ದಿನ. ಎರಡು ಸಲ ಕತ್ತು ಕೊಯ್ಯಲು ತೋಚಿತು, ಹೆಂಡತಿಯ ದಿಂಬು ಕೊಡವಲು ತೋಚಿತು, ಒಂದು ದಿನದ ಉಚ್ಚೆ ಹಿಡಿಯಲು ಒಬ್ಬನಿಗೂ ತೋಚಲಿಲ್ಲ. ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ. ಯಾರನ್ನು ಬೈಯಲಿ? ಆ ಡಾಕ್ಟರು ಇಲ್ಲ, ನನ್ನ ಅಪ್ಪ ಇಲ್ಲ, ಅವಳೂ ಇಲ್ಲ. ಸಿಕ್ಕವರನ್ನು ಬೈಯುತ್ತಿದ್ದೇನೆ. ನಿನ್ನಪ್ಪ ಮೂರು ಹೊತ್ತೂ ಬೈಸಿಕೊಂಡು ಪಾತ್ರೆ ತೊಳೆಯುತ್ತಿದ್ದಾರೆ.

ಹೀಗಿರುವಾಗ ಶುಕ್ರವಾರ ನಿನ್ನ ಪತ್ರ, ಅದರ ಅಂಚಿನಲ್ಲಿ ಅಡ್ಡಡ್ಡವಾಗಿ ಒಂದು ಸಾಲು. ನನಗೆ ಹೇಗಾಗಿರಬೇಕು ಹೇಳು.

ಒಳ್ಳೆಯದಾಗಲಿ ನಿನಗೆ. ನೂರು ವರ್ಷ ಬಾಳು. ನಿನ್ನ ಮನೆಯ ಯಜಮಾನಿಗೆ ನಲ್ಲಿ ಬೇಗ ರಿಪೇರಿ ಮಾಡಿಸಲು ನಾನು ಹೇಳಿದೆನೆಂದು ಹೇಳು, ಕಾಲು ತಬ್ಬಿಕೊಂಡ ಆ ಮಗುವಿಗೊಂದು ಮುತ್ತು ಕೊಡು. ಕಚ್ಚುವ ಚಪ್ಪಲಿಯ ಒಳಗೆ ಹತ್ತಿ ಇಡು.

ನಿನ್ನ ಮೇಲೆ ಕೆಂಡದಂಥ ಕೋಪವಿರುವ,
ನಿನ್ನ ಅಮ್ಮ

ತಾ.ಕ.: ನಿನ್ನಪ್ಪ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದಾರೆ, ಬಸ್ಸಿಗೆ ಹೊತ್ತಾಯಿತು, ಈ ಪತ್ರ ಅವರ ಕೈಯಲ್ಲೇ ಬರುತ್ತದೆ. ಜೊತೆಗೆ ನನ್ನ ಎರಡನೆಯ ಕ್ಯಾನಿನ ವರದಿಯೂ, ನಿನ್ನ ಡಾಕ್ಟರಿಗೆಂದು ನಿನ್ನೆ ಡಾಕ್ಟರಮ್ಮ ಕೈಯಾರೆ ಬರೆದುಕೊಟ್ಟ ಚೀಟಿಯೂ ಇದೆ. ಇದು ತಾಯಿಯಿಂದ ಮಕ್ಕಳಿಗೆ ಬರಬಹುದಂತೆ. ಬಂದೇ ಇರುತ್ತದೆ ಅಂತಲ್ಲ, ಬಾರದೆಯೂ ಇರಬಹುದು, ಒಂದು ದಿನದ ಮೂತ್ರ ಅಳೆಯದೆ ಗೊತ್ತಾಗುವುದಿಲ್ಲ. ಅಳೆಯುವ ತನಕ ಯಾರೂ ನಿನ್ನ ಕುತ್ತಿಗೆ ಮುಟ್ಟಕೂಡದು. ಮೊದಲನೆಯದನ್ನು ಚೆಲ್ಲು, ಮಿಕ್ಕದ್ದೆಲ್ಲ ಕ್ಯಾನಿಗೆ, ಅಪ್ಪ ಮನೆಯಲ್ಲಿರುವಷ್ಟು ಹೊತ್ತು ಕ್ಯಾನಿಗೆ ಬೀಗ. ಸೈಕಲ್ಲಿನ ಸರಪಳಿ ಅವರ ಚೀಲದಲ್ಲಿಟ್ಟಿದ್ದೇನೆ. ಡಾಕ್ಟರು ತಲೆ ಎತ್ತದೆ ತಾರೀಕು ಬರೆಯತೊಡಗಿದರೆ ಸುಮ್ಮನಿರಬೇಡ, ನನ್ನ ಮೇಲೆ ಕೂಗುತ್ತೀಯಲ್ಲ, ಹಾಗೆ ಕೂಗು. ಅಜ್ಜಿ ಇಲ್ಲ ಇಲ್ಲ ಎಂದದ್ದು ಯಾರಿಗೂ ಕೇಳಿಸಲಿಲ್ಲ. ನಿನ್ನದು ಕೊಳದ ಆಚೆ ದಡಕ್ಕೂ ಕೇಳಿಸುವ ಧ್ವನಿ. ಪತ್ರ ಓದಿದ ತಕ್ಷಣ ಫೋನ್ ಮಾಡಿ ನನ್ನನ್ನು ಚೆನ್ನಾಗಿ ಬೈಯಿ. ಮಹಡಿ ಮನೆಯವರು ಕಿಟಕಿ ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ, ನಾನು ಫೋನ್ ಇಡುವುದಿಲ್ಲ.